ಜೀಪಿಗೆ ಮೂಗು ಬಂದದ್ದು

೧೯೭೮ರ ಆಗಸ್ಟ್ ಹನ್ನೊಂದು, ಬೆಳಗಿನ ಹತ್ತೂವರೆ. ಹುನಗುಂದ ತಾಲ್ಲೂಕಿನ ಒಂದು ಹಳ್ಳದ ನಟ್ಟನಡುವೆ ಆ ಮಳೆಗಾಲದಲ್ಲಿ ಎರಡನೇ ಸಲ ನಿಂತುಹೋಗಿದ್ದ ಸರ್ಕಾರಿ ಜೀಪಿನಲ್ಲಿ, ಸೀರೆಯ ನಿರಿಗೆ ಮೇಲೆತ್ತಿ, ಕಾಲು ಮಡಚಿ ಕುಳಿತಿದ್ದೆ. ಸರ್ಕಾರಿ ಜೀಪು ಇರುವವರು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಹಳ್ಳದ ದಂಡೆಯಲ್ಲಿ ಕಾದುಕೊಂಡೇ ಇರುತ್ತವೆ.

೧. ಎತ್ತಿನ ಮೂಗು

ನಾನಾಗ ಮಕ್ಕಳ ಪೌಷ್ಟಿಕ ಆಹಾರದ ಅಧಿಕಾರಿ. ಆ ಹುದ್ದೆಗೆ ಬಂದ ಮೊದಲ ಹೆಂಗಸು. ಹಳ್ಳದ ಆಚೆಯ ಬಾಲವಾಡಿಗಳಿಗೆ ಹಿಟ್ಟಿನ ಚೀಲ ಮುಟ್ಟಿಸುವುದು ನನ್ನ ಕೆಲಸ. ಮಳೆಗಾಲದಲ್ಲಿ ಬಸ್ಸು ಈಚೆ ದಂಡೆಗೇ ತಿರುಗಿಕೊಳ್ಳುತ್ತಿತ್ತು. ಜೀಪು ದಾಟಿದರೆ ಮಕ್ಕಳಿಗೆ ಊಟ, ಇಲ್ಲದಿದ್ದರೆ ಇಲ್ಲ.

ನಿಂತ ಜೀಪನ್ನು ಎಳೆಯಲು ದಂಡೆಯ ರೈತನೊಬ್ಬ ಜೋಡಿ ಎತ್ತು ಇಳಿಸಿದ. ಎತ್ತುಗಳು ಎದೆಮಟ್ಟದ ನೀರಿನಲ್ಲಿ ಮೂತಿಯನ್ನು ಆಕಾಶಕ್ಕೆ ಎತ್ತಿ, ನಿರಾತಂಕವಾಗಿ ಉಸಿರಾಡುತ್ತ ಬಂದವು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದವಳು ನಾನು. ನೋಡಿದ ಕೂಡಲೇ ದೋಷ ತಿಳಿಯಿತು. ನಮ್ಮ ಜೀಪು ಗಾಳಿ ಎಳೆದುಕೊಳ್ಳುವ ಬಾಯಿ ಬಾನೆಟ್ಟಿನ ಒಳಗಿತ್ತು. ನೀರು ಏರಿದೊಡನೆ ಎಂಜಿನ್ ಗಾಳಿಗೆ ಬದಲು ನೀರನ್ನೇ ಎಳೆದುಕೊಂಡಿತ್ತು.

ರೈತ ಹಗ್ಗ ಬಿಗಿಯುತ್ತ ಕೇಳಿದ: "ಅಕ್ಕಾರ, ಇದು ಎಷ್ಟ್ ಕುದುರಿ ಬಲದ ಗಾಡಿರಿ?"

ಡ್ರೈವರ್ ಅಭಿಮಾನದಿಂದ ಉತ್ತರಿಸಿದ: "ಐವತ್ತರ ಮ್ಯಾಲ ಐತಿ."

"ಹಂಗಾರ ಅವನ್ನೆಲ್ಲಾ ಬಿಚ್ಚಿ ದಂಡಿ ಮ್ಯಾಲ ಮೇಯಾಕ ಬಿಡ್ರಿ. ನಮ್ಮವು ಎರಡಽ ಸಾಕು."

೨. ಇಳಕಲ್ಲಿನ ತಗಡಿನ ಅಂಗಡಿ

ವಿಷಯ ಬಾಗಲಕೋಟೆಯ ನಮ್ಮ ಸಾಹೇಬರಿಗೆ ಮುಟ್ಟಿತು. ಸಾಹೇಬರಿಗೆ ಜಗತ್ತಿನಲ್ಲಿ ಪ್ರಿಯವಾದ ಶಬ್ದ ಒಂದೇ: ಮುಂಜಾಗ್ರತೆ. ಅವರು ಮನೆಯಲ್ಲಿ ಊಟಕ್ಕೆ ಕೂರುವ ಮೊದಲೂ ಆ ಶಬ್ದ ಆಡುತ್ತಿದ್ದರೆಂದು ಕಚೇರಿಯಲ್ಲಿ ಪ್ರತೀತಿ.

"ಏನ್ರಿ ಇದು? ಎರಡನೇ ಸಲ ನಿಂತೈತಿ," ಎಂದರು. "ಮುಂಜಾಗ್ರತಾ ಅನ್ನೂದಽ ಇಲ್ಲ ನಿಮಗ. ಹೆಣ್ಣಮಕ್ಕಳಿಗೆ ಮಳಿಗಾಲದಾಗ ಜೀಪ್ ಯಾಕ್ ಬೇಕು? ಇನ್ನೊಂದ್ ಸಲ ನಿಂತರ ಗಾಡಿ ಬಾಗಲಕೋಟಿಗೆ ಬರ್ತದ. ನೀವು ಬಸ್ಸಿಗೆ ಅಡ್ಡಾಡ್ರಿ."

ನಾನು ವಾದಿಸಲಿಲ್ಲ. ಜೀಪಿಗೂ ಎತ್ತಿನಂತೆ ಮೂಗು ಮೇಲಿರಬೇಕೆಂದು ಒಂದು ಚಿತ್ರ ಬರೆದುಕೊಂಡು ಇಳಕಲ್ಲಿಗೆ ಹೋದೆ. ಬಾನೆಟ್ಟಿನ ಎಡಬದಿಯಿಂದ ಹೊರಟು, ಮುಂಗಾಜಿನ ಅಂಚಿಗೆ ಅಂಟಿ, ಮೇಲಿನ ಟಾರ್ಪಾಲಿನಷ್ಟು ಎತ್ತರಕ್ಕೆ ಹೋಗಿ, ಮಳೆ ಬೀಳದಂತೆ ಹಿಂದಕ್ಕೆ ಬಾಗಿದ ಒಂದು ಕೊಳವೆ. ಬೆಸುಗೆಯಲ್ಲಿ ಒಂದು ಸೂಜಿಯಷ್ಟೂ ಸಂದಿ ಇರಕೂಡದೆಂದು ಹೇಳಿದೆ. ತಗಡಿನ ಕೆಲಸದ ಮುದುಕ ಬಚ್ಚಲ ಹಂಡೆಗಳಿಗೆ ಹೊಗೆಕೊಳವೆ ಮಾಡುವುದರಲ್ಲಿ ಹೆಸರಾದವನು. ಚಿತ್ರ ನೋಡಿ, "ಜೀಪಿನ್ಯಾಗ ನೀರು ಕಾಸ್ತೀರೇನ್ರಿ ಅಕ್ಕಾರ?" ಎಂದ.

"ಇದು ಹೊಗೆ ಹೋಗುವುದಕ್ಕಲ್ಲ. ಗಾಳಿ ಒಳಗೆ ಬರುವುದಕ್ಕೆ."

"ಹುಟ್ಟಿದಾಗಿಂದ ಇದಽ ಕೆಲಸ ಮಾಡೇನಿ. ಕೊಳವಿ ಅಂದ್ರ ಹೊರಗ ಊದತೈತಿ. ಒಳಗ ಎಳಿಯೂ ಕೊಳವಿ ನಾ ಕಂಡಿಲ್ಲ."

ಕೆಲಸ ಮಾತ್ರ ಚೊಕ್ಕವಾಗಿ ಮಾಡಿದ. ಜೋಡಣೆಗಳಿಗೆ ಸೈಕಲ್ ಟ್ಯೂಬು ಬಿಗಿಸಿ ಎಂಜಿನ್ ಚಾಲೂ ಮಾಡಿಸಿದೆ. ಮುದುಕ ಸ್ಟೂಲು ಹತ್ತಿ, ಕೊಳವೆಯ ಬಾಯಿಗೆ ಮುಖವಿಟ್ಟು ಪರೀಕ್ಷೆಗೆ ನಿಂತ. ತುಟಿಯಲ್ಲಿದ್ದ ಬೀಡಿಯ ಹೊಗೆ ಒಂದು ಎಳೆಯೂ ತಪ್ಪದೆ ಕೊಳವೆಯೊಳಗೆ ಹೋಯಿತು. ಅವನು ಮತ್ತೊಮ್ಮೆ ಸೇದಿ ಬಿಟ್ಟ. ಅದೂ ಹೋಯಿತು. ಸ್ಟೂಲು ಇಳಿದು, ಡ್ರೈವರನ್ನು ಬದಿಗೆ ಕರೆದು, ತಗ್ಗಿದ ದನಿಯಲ್ಲಿ ಹೇಳಿದ:

"ಅಕ್ಕಾರ್ಗೆ ನೀನಽ ಹೇಳಪಾ. ಗಾಡಿಗಿ ಚಟಾ ಹತ್ತೈತಿ."

೩. ಕುಳಗೇರಿ ಕ್ರಾಸಿನ ಆಚೆ

ಆಗ ಬಾದಾಮಿ ತಾಲ್ಲೂಕಿನ ಹೆಚ್ಚುವರಿ ಹೊಣೆಯೂ ನನ್ನ ಮೇಲಿತ್ತು. ಕುಳಗೇರಿ ಕ್ರಾಸಿನ ಚಹಾದ ಅಂಗಡಿಯಲ್ಲಿ ಜೀಪು ನಿಲ್ಲಿಸಿದಾಗ ಜನ ಸುತ್ತಲೂ ನೆರೆದು ಇದೇನೆಂದು ಕೇಳಿದರು. ಡ್ರೈವರಿಗೆ ವಿವರಣೆಯ ಹುಮ್ಮಸ್ಸು. "ಹೊರಗಿನ ಗಾಳಿ ವಾಸನಿ ಸಮೇತ ಎಳಕೊಂಡು ಒಳಗ ಬಿಡತೈತಿ," ಎಂದ.

ಇದಕ್ಕೆ ಹಿಂದಿನ ಕೆಲವು ವರ್ಷ ಸರ್ಕಾರಿ ಜೀಪೆಂದರೆ ಗಂಡಸರನ್ನು ಸಂತಾನಶಕ್ತಿಹರಣಕ್ಕೆ ಹಿಡಿದೊಯ್ಯುವ ಗಾಡಿ ಎಂಬ ಭಯ ಹಳ್ಳಿಗಳಲ್ಲಿತ್ತು. ಅದಿನ್ನೂ ಆರಿರಲಿಲ್ಲ. ನಾವು ಚಹಾ ಮುಗಿಸುವಷ್ಟರಲ್ಲಿ ಒಬ್ಬ ಸೈಕಲ್ ಏರಿ ಮುಂದಿನ ಹಳ್ಳಿಗೆ ಸುದ್ದಿ ಒಯ್ದಿದ್ದ: ಹೊಸ ಜೀಪಿಗೆ ಮೂಗು ಬಂದಿದೆ, ಅಡಗಿ ಕುಳಿತ ಗಂಡಸರನ್ನು ವಾಸನೆ ಹಿಡಿಯುತ್ತದೆ.

ನಾವು ತಲುಪಿದಾಗ ಊರಿನ ಅಗಸಿ ಬಾಗಿಲಲ್ಲಿ ಒಬ್ಬ ಗಂಡಸೂ ಇಲ್ಲ. ಚಾವಡಿಯ ಕಟ್ಟೆಯ ಮೇಲೆ ಇಸ್ಪೀಟಿನ ಎಲೆಗಳು ಹಂಚಿದಂತೆಯೇ ಬಿದ್ದಿದ್ದವು. ಹಿಟ್ಟಿನ ಚೀಲ ಇಳಿಸಲು ಕೈಯಿಲ್ಲದೆ ನಾನೂ ಬಾಲವಾಡಿಯ ಶಿಕ್ಷಕಿಯೂ ಎಳೆದಾಡಿದೆವು. ನನಗೆ ಅವಮಾನವೆನಿಸಿತು. ಮನೆಯೊಂದರ ಹೊಸ್ತಿಲಲ್ಲಿ ಕುಳಿತ ಮುದುಕಿಯ ಬಳಿ ಹೋಗಿ, ಇದು ಮಕ್ಕಳ ಊಟದ ಗಾಡಿ, ಇನ್ನು ಮೇಲೆ ಯಾರೂ ಓಡಬೇಕಾಗಿಲ್ಲ ಎಂದು ತಿಳಿಹೇಳಿದೆ.

ಮುದುಕಿ ಗಾಬರಿಯಿಂದ ನನ್ನ ಕೈ ಹಿಡಿದಳು. "ಯವ್ವಾ, ಅದನ್ನ ಅವರಿಗೆ ಹೇಳಬ್ಯಾಡ. ದಿನಾ ಬಾ. ಇವತ್ತರ ನಮ್ಮ ಗಂಡಸರು ಹೊಲಾ ಕಂಡ್ರು."

೪. ಸಾಹೇಬರ ಮುಂಜಾಗ್ರತೆ

ಕೊಳವೆ ಹಚ್ಚಿದ ಮೇಲೆ ಕೆಲವು ವಾರ ಜೀಪು ಎಲ್ಲೂ ನಿಲ್ಲಲಿಲ್ಲ. ಮುಂದೆ ಗೋಣಿತಾಟು ಕಟ್ಟಿ, ನೀರು ಚಿಮ್ಮದಂತೆ ನಿಧಾನವಾಗಿ ಹೋದರೆ, ಬಾನೆಟ್ಟು ಮುಳುಗಿದರೂ ಎಂಜಿನ್ ಮೇಲಿನ ಗಾಳಿಯನ್ನೇ ಕುಡಿಯುತ್ತ ದಾಟುತ್ತಿತ್ತು. ಎತ್ತಿನ ರೈತ ಮಾತ್ರ ಹಗ್ಗ ಹಿಡಿದು ದಂಡೆಯಲ್ಲಿ ಕೂರುವುದನ್ನು ಬಿಡಲಿಲ್ಲ. ಏಕೆಂದು ಕೇಳಿದರೆ, "ಮನಶ್ಯಾಗ ನಂಬಿಕಿ ಇರಬೇಕ್ರಿ ಅಕ್ಕಾರ," ಎನ್ನುತ್ತಿದ್ದ.

ಅಷ್ಟರಲ್ಲಿ ಸಾಹೇಬರೇ ತನಿಖೆಗೆ ಬಂದರು. ಅನುಮತಿಯಿಲ್ಲದೆ ಸರ್ಕಾರಿ ಗಾಡಿಗೆ ಕೊಂಬು ಹಚ್ಚಿದ್ದೇನೆಂದು ದೂರು ಹೋಗಿತ್ತಂತೆ. ಷರತ್ತು ಸ್ಪಷ್ಟವಾಗಿತ್ತು: ಈಗ ಹಳ್ಳ ದಾಟಬೇಕು. ದಾಟಿದರೆ ಕೊಳವೆ ಇರಲಿ. ನಿಂತರೆ ಜೀಪು ಅಂದೇ ಅವರೊಡನೆ ಬಾಗಲಕೋಟೆಗೆ.

ಸಾಹೇಬರು ರಬ್ಬರಿನ ಮಳೆಕೋಟು, ಅದಕ್ಕೊಪ್ಪುವ ಟೊಪ್ಪಿಗೆ ಧರಿಸಿ ಮುಂದಿನ ಎಡ ಸೀಟಿನಲ್ಲಿ ಕುಳಿತರು. ನಾನು ಹಿಂದೆ, ಹಿಟ್ಟಿನ ಚೀಲಗಳ ಮೇಲೆ. ಜೀಪು ಇಳಿಯಿತು. ನೀರು ಬಾನೆಟ್ಟಿಗೆ ಏರಿತು. ಎಂಜಿನ್ನಿನ ದನಿ ಒಂದಿಷ್ಟೂ ಕದಲಲಿಲ್ಲ. ನಾನು ಮನಸ್ಸಿನಲ್ಲೇ ಗೆದ್ದೆ.

ನಟ್ಟನಡುವೆ ಸಣ್ಣಗೆ ಮಳೆ ಶುರುವಾಯಿತು. ಎಂಜಿನ್ ಒಮ್ಮೆ ಬಿಕ್ಕಳಿಸಿತು, ಎರಡನೆಯ ಸಲ ಉಬ್ಬಸಪಟ್ಟಿತು, ನಿಂತುಬಿಟ್ಟಿತು.

"ಆತು!" ಎಂದು ಸಾಹೇಬರು ಗಡಿಯಾರ ನೋಡಿಕೊಂಡರು. "ಮೂರನೇ ಸಲ. ನಾ ಹೇಳಿದ್ದಿಲ್ಲೇನ್ರಿ?"

ದಂಡೆಯಲ್ಲಿ ರೈತ ಎದ್ದು ನಿಂತಿದ್ದ. ಅವನ ನಂಬಿಕೆ ಫಲಿಸಿತ್ತು. ಎತ್ತು ಹೂಡುವ ಮೊದಲು ತಾನೇ ನೀರಿಗಿಳಿದು ಬಂದು, "ಬರ್ರಿ ಸಾಹೇಬ್ರ, ಮೊದಲ ನಿಮ್ಮನ್ನ ದಾಟಸ್ತೇನಿ," ಎಂದು ಬೆನ್ನು ಕೊಟ್ಟ. ಸಾಹೇಬರು ಅವನ ಹೆಗಲೇರಿದರು. ಆಗ ನಾನು ಅವರ ಬೋಳುತಲೆಯ ಮೇಲೆ ಮಳೆ ಬೀಳುತ್ತಿರುವುದನ್ನು ನೋಡಿದೆ.

"ಸರ್, ನಿಮ್ಮ ಟೊಪ್ಪಿಗೆ?"

"ಕೊಳವಿ ಬಾಯಿಗೆ ಹಾಕೇನ್ರಿ!" ಹೆಗಲ ಮೇಲಿಂದಲೇ ಕೂಗಿದರು. "ಮಳಿ ಬರಾಕತ್ತಿತ್ತು. ನೀರು ಒಳಗ ಹೋಗಬಾರದಲ್ಲಾ? ಮುಂಜಾಗ್ರತಾ!"

ನಾನು ಮುಂದಿನ ಸೀಟಿಗೆ ದಾಟಿ, ಹೊರಗೆ ಬಾಗಿ, ಕೊಳವೆ ಅರ್ಧ ನುಂಗಿದ್ದ ಟೊಪ್ಪಿಗೆಯನ್ನು ಎಳೆದೆ. ಸೀಸೆಯ ಬಿರಡೆ ಕಿತ್ತಂಥ ಸದ್ದಾಯಿತು. ಡ್ರೈವರ್ ಕೀಲಿ ತಿರುವಿದ. ಎಂಜಿನ್ ಕೂಡಲೇ ಗುಡುಗಿತು. ಜೀಪು ಗಂಭೀರವಾಗಿ ಮುಂದೆ ಸಾಗಿ, ಹೆಗಲ ಮೇಲಿನ ಸಾಹೇಬರ ಪಕ್ಕದಲ್ಲೇ ಹಾದು, ದಂಡೆ ಹತ್ತಿ ಅವರಿಗಾಗಿ ಕಾಯುತ್ತ ನಿಂತಿತು.

ರೈತ ಅವರನ್ನು ಇಳಿಸಿ, ಒಮ್ಮೆ ಜೀಪನ್ನೂ ಒಮ್ಮೆ ಅವರನ್ನೂ ನೋಡಿದ. "ಗಾಡಿ ಚಲೋ ಐತಿ ಅಕ್ಕಾರ. ಟೊಪ್ಪಿಗಿ ಒಂದು ಅದಕ್ಕ ಅರಗೂದಿಲ್ಲ."

ಸಾಹೇಬರು ಬಹಳ ಹೊತ್ತು ಕೋಟು ಒರೆಸಿಕೊಂಡರು. ಕೊನೆಗೆ ಕೇಳಿದರು: "ನಿಂತಿದ್ದು ವರದಿಯೊಳಗ ಬರೀಬೇಕೇನ್ರಿ?"

"ಬರೆಯಬಹುದು ಸರ್. ಏಕೆ ನಿಂತಿತೆಂಬುದನ್ನೂ ಬರೆಯಬೇಕಾಗುತ್ತದೆ."

"ನಿಂತಿಲ್ಲ ಬಿಡ್ರಿ," ಎಂದರು ಸಾಹೇಬರು. "ಸ್ವಲ್ಪ ದಮ್ಮು ತಗೊಂತು."

ಜೀಪು ನನ್ನಲ್ಲೇ ಉಳಿಯಿತು. ಅಂದಿನಿಂದ ಮುಂದಿನ ಎಡ ಸೀಟಿನಲ್ಲಿ ನಾನೇ ಕೂರುವುದೆಂದೂ, ಮೇಲಧಿಕಾರಿಗಳು ಯಾರೇ ಬಂದರೂ ಅವರನ್ನು ಹಿಂದೆ ಹಿಟ್ಟಿನ ಚೀಲಗಳ ಮೇಲೆ ಕೂರಿಸುವುದೆಂದೂ ನಾನು ತೀರ್ಮಾನಿಸಿದೆ.