ಸರ್ವೋತ್ತಮರ ಹೆಬ್ಬಾವಿಗೆ ಹಸಿವಿಲ್ಲ

"ನೋಡ್ತಾ ಇರಿ! ಒಂದೇ ವಾರದಲ್ಲಿ ಇದಕ್ಕೆ ನನ್ನ ಕೈಯಿಂದಲೇ ಊಟ ಮಾಡಿಸ್ತೇನೆ!" ಎಂದು ಸರ್ವೋತ್ತಮರು ಕೊಲ್ಲಿ ದೇಶದ ಸನದ್‌ನ ತಮ್ಮ ಫ್ಲ್ಯಾಟಿನಲ್ಲಿ ಘೋಷಿಸಿದರು. ಗಾಜಿನ ಪೆಟ್ಟಿಗೆಯಲ್ಲಿದ್ದ ಹೆಬ್ಬಾವಿನ ಮರಿ ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಂಡಿತು. ಎಸಿ ಕಂಪನಿಯ ಮ್ಯಾನೇಜರರಾದ ಅವರ ಮಾತಿಗೆ ಬೆಲೆ ಕೊಡದ ಜೀವಿ ಅದೊಂದೇ! "ಕಾಡಿನಲ್ಲೇ ಹಿಡಿದದ್ದು, ಒರಿಜಿನಲ್" ಎಂದು ಹಮದ್ ಟೌನ್‌ನ ವ್ಯಾಪಾರಿಯೊಬ್ಬ ಹೊಗಳಿದ್ದಕ್ಕೇ ಅವರು ಅದನ್ನು ಕೊಂಡಿದ್ದರು.

"ಊರಲ್ಲಿ ನಾಗನಿಗೆ ತಂಬಿಲ ಪೂಜೆ ಕೊಡುವ ಮನೆ ನಮ್ದು. ಇಲ್ಲಿ ತಂದು ಡಬ್ಬಿಯಲ್ಲಿ ಹಾಕಿದ್ರಲ್ಲ ಮಾರಾಯ್ರೆ!" ಎಂದಳು ಹೆಂಡತಿ ಲೀಲಾಕ್ಷಿ.

"ಇದು ನಾಗ ಅಲ್ಲ ಮಾರಾಯ್ತಿ, ಆಫ್ರಿಕದ ಹೆಬ್ಬಾವು."

"ಅದಕ್ಕೂ ಹೊಟ್ಟೆ ಉಂಟಲ್ಲ?"

ಹೊಟ್ಟೆ ಇತ್ತು, ಹಸಿವಿರಲಿಲ್ಲ. ಫ್ರೀಜರಿನ ಇಲಿಯನ್ನು ಬೆಚ್ಚಗೆ ಮಾಡಿ, "ಬಾ ಪುಟ್ಟಾ" ಎಂದು ಮೂಗಿನ ಮುಂದೆ ಆಡಿಸಿದರು. ಮುಖ ತಿರುಗಿಸಿತು. ಕೋಳಿ ತುಂಡಿಗೂ ಅದೇ ಮರ್ಯಾದೆ. ಕೊನೆಗೆ ಜೀವಂತ ಇಲಿ ಬಿಟ್ಟರೆ, ಅದು ಹಾವಿನ ಬಾಲವನ್ನೇ ಕಚ್ಚಿ, ಸರ್ವೋತ್ತಮರ ಹೆಗಲೇರಿ, ಸೋಫಾದಡಿ ಮಾಯವಾಯಿತು! ಮನೆಯವರೆಲ್ಲ ಪೊರಕೆ ಹಿಡಿದು ಹುಡುಕಿದರು.

ಹಾವು ಬಡಕಲಾಗುತ್ತಾ ಬಂತು, ಬೆನ್ನೆಲುಬು ಎದ್ದು ಕಂಡಿತು. ಮೈಮೇಲೆ ಕರಿ ಚುಕ್ಕೆಗಳು.

"ಅದು ಡಿಸೈನ್" ಎಂದರು ಸರ್ವೋತ್ತಮರು.

"ಡಿಸೈನ್ ನಡೀತದಾ?" ಎಂದಳು ಲೀಲಾಕ್ಷಿ.

ಚುಕ್ಕೆಗಳು ನಿಜವಾಗಿಯೂ ನಡೆಯುತ್ತಿದ್ದವು! ಆಗ ಮಾತ್ರ ಸರ್ವೋತ್ತಮರು ಹಾವನ್ನೆತ್ತಿಕೊಂಡು ಪ್ರಾಣಿವೈದ್ಯ ರಸೆಲ್ ಬಳಿಗೆ ಓಡಿದರು.

"ಕಾಡಿನದ್ದಲ್ವಾ? ಹೊರಗೆ ಉಣ್ಣಿ, ಒಳಗೆ ಹುಳ. ಹೊಟ್ಟೆ ತುಂಬ ಬಾಡಿಗೆಯವರು" ಎಂದರು ಮಂಗಳೂರಿನ ಆ ಡಾಕ್ಟರು. "ಔಷಧಿ ಕೊಡ್ತೇನೆ. ಆದ್ರೆ ಇಣುಕಿ ಇಣುಕಿ ನೋಡ್ಬೇಡಿ. ಹೆದರಿದ ಹಾವು ತಿನ್ನುದಿಲ್ಲ."

ಔಷಧಿಗೆ ಉಣ್ಣಿ ಉದುರಿತು, ಹುಳ ಹೋಯಿತು. ಇಣುಕುವುದು ಮಾತ್ರ ನಿಲ್ಲಲಿಲ್ಲ. ಹಾವು ಈಗಲೂ ಉಪವಾಸ. ಅದು ಬಾಯಿ ತೆರೆದು ಉಸಿರೆಳೆಯುವುದನ್ನು ಕಂಡ ಲೀಲಾಕ್ಷಿ, ಒಂದು ಶುಕ್ರವಾರ, ವಾರದ ರಜೆಯ ದಿನ, ಗಂಡನನ್ನು ಅವಾಲಿಯ ಗೆಳೆಯನ ಮನೆಗೆ ಅಟ್ಟಿದಳು. ಪೆಟ್ಟಿಗೆಯಲ್ಲಿ ಹೂವಿನ ಕುಂಡವೊಂದನ್ನು ಮಗುಚಿ ಗುಹೆ ಮಾಡಿಕೊಟ್ಟಳು. ಕಣ್ಣು ಅರ್ಧ ಮುಚ್ಚಿಕೊಂಡೇ ಚಿಮಟದಿಂದ ಸತ್ತ ಇಲಿಯನ್ನು ಒಳಗಿಟ್ಟು, ಮೇಲೆ ಬೆಡ್‌ಶೀಟ್ ಹೊದಿಸಿ ಬಾಗಿಲೆಳೆದುಕೊಂಡಳು.

ಸಂಜೆ ನೋಡಿದರೆ ಇಲಿ ಇರಲಿಲ್ಲ. ಹಾವಿನ ನಡು ಉಬ್ಬಿತ್ತು!

ಸುದ್ದಿ ಕೇಳಿ ಸರ್ವೋತ್ತಮರು ಹಾರಿ ಬಂದರು. ಕಣ್ಣಲ್ಲಿ ನೀರು. "ಬೇಡ ಮಾರಾಯ್ರೆ" ಎಂದು ಲೀಲಾಕ್ಷಿ ಹೇಳುವಷ್ಟರಲ್ಲಿ ಹಾವು ಅವರ ಕೈಯಲ್ಲಿತ್ತು, ಸೆಲ್ಫಿಗೆ ಮೊಬೈಲು ಮೇಲೆದ್ದಿತ್ತು. ಹಾವು ಅಗಲವಾಗಿ ಬಾಯಿ ತೆರೆದು, ಇಡೀ ಇಲಿಯನ್ನು ಅವರ ಇಸ್ತ್ರಿ ಮಾಡಿದ ಅಂಗಿಯ ಮೇಲೆ ವಾಪಸು ಕೊಟ್ಟಿತು.

ಸರ್ವೋತ್ತಮರು ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. "ಊಟ ಆದ ಮೇಲೆ ಮುಟ್ಟುದಾ? ಸ್ವಲ್ಪ ದಿನ ಹೊಟ್ಟೆಗೆ ರೆಸ್ಟ್ ಕೊಟ್ಟು ಪುನಃ ಇಡಿ. ಬದುಕ್ತದೆ" ಎಂದಿತು ಸ್ಪೀಕರಿನಲ್ಲಿ ರಸೆಲ್ ದನಿ.

"ಒಳಗೆ ಇನ್ನೂ ಹುಳ ಉಳಿದಿರಬಹುದಾ ಡಾಕ್ಟ್ರೇ?"

ಅಂಗಿ ಒರೆಸುತ್ತಿದ್ದ ಲೀಲಾಕ್ಷಿ ಫೋನಿನತ್ತ ಬಾಗಿದಳು:

"ಹಾವಿನ ಒಳಗೆ ಇಲ್ಲ ಡಾಕ್ಟ್ರೇ. ಹೊರಗೆ ದೊಡ್ಡದೊಂದು ಉಂಟು. ರಜೆ ಮುಗಿದ ಕೂಡ್ಲೇ ಆಫೀಸಿಗೆ ಕಳಿಸ್ತೇನೆ!"