ಇನ್ನೂರ ಹದಿನಾಲ್ಕು ಚೀಟಿ ಮತ್ತು ಒಂದು ಮೋಟಾರ್ ಸೈಕಲ್

ಭಾನುವಾರ ಎಂದರೆ ವಿಶ್ರಾಂತಿ ಎಂದು ನಂಬಿರುವವರು ಯಾರಾದರೂ ಇದ್ದರೆ, ಅವರ ಮನೆಯಲ್ಲಿ ತುಕ್ಕು ಹಿಡಿದ ಮೋಟಾರ್ ಸೈಕಲ್ ಇಲ್ಲವೆಂದು ನಾನು ಬರೆದುಕೊಡಬಲ್ಲೆ. ಬೇಕಿದ್ದರೆ ಮೊಹರು ಹೊಡೆದೂ ಕೊಡಬಲ್ಲೆ. ಇಪ್ಪತ್ತೆರಡು ವರ್ಷದಿಂದ ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಾನು ಮಾಡುತ್ತಿರುವುದು ಅದೇ ಕೆಲಸ: ಕಡತಕ್ಕೆ ಚೀಟಿ ಅಂಟಿಸುವುದು, ನಂಬರು ಹಾಕುವುದು, ದಾರ ಕಟ್ಟಿ ಕಪಾಟಿನಲ್ಲಿಡುವುದು. ಇಂಥ ನಿರುಪದ್ರವಿ ಮನುಷ್ಯನಿಗೆ ಸೊಂಟ ಹಿಡಿದುಕೊಂಡಿದೆ, ಉಗುರಿನ ಸಂದಿಯ ಕಪ್ಪು ಎಷ್ಟು ಸೋಪು ಹಾಕಿದರೂ ಹೋಗುತ್ತಿಲ್ಲ, ಮನೆಯಲ್ಲಿದ್ದ ಚೂರುಪಾರು ಮರ್ಯಾದೆಯೂ ಹೋಗಿದೆ. ಅದು ಹೇಗೆಂದು ಹೇಳಿಬಿಡುತ್ತೇನೆ. ಕೇಳುವವರು ಮನೆಯಲ್ಲಂತೂ ಯಾರೂ ಇಲ್ಲ.

ಬೈಕು ಅಪ್ಪನದು. ಅಪ್ಪ ಹೋದಮೇಲೆ ಹದಿನಾಲ್ಕು ವರ್ಷ ನಮ್ಮ ಮೆಟ್ಟಿಲ ಕೆಳಗೆ ಟಾರ್ಪಾಲು ಹೊದ್ದು ಮಲಗಿತ್ತು. ಅವರು ಇರುವವರೆಗೆ ನಾನು ಅದನ್ನು ಮುಟ್ಟಿದವನಲ್ಲ, ಮುಟ್ಟಗೊಟ್ಟವರೂ ಅಲ್ಲ ಅವರು. ಪ್ರತಿ ಭಾನುವಾರ ಸಂಜೆ ಅಪ್ಪ ಬೈಕನ್ನು ಹೊರಗೆ ತೆಗೆಯುತ್ತಿದ್ದರು, ಅಮ್ಮ ಹಿಂದೆ ಒಂದು ಪಕ್ಕಕ್ಕೆ ಕೂರುತ್ತಿದ್ದಳು, ನಾನು ಗೇಟು ತೆಗೆಯುತ್ತಿದ್ದೆ. ಗೇಟು ದಾಟಿದ ಮೇಲೆ ಅಪ್ಪ ತಿರುಗಿಯೂ ನೋಡದೆ, "ಗೇಟ್ ಹಾಕ್ಕೊಳ್ಳೋ!" ಎನ್ನುತ್ತಿದ್ದರು. ನಾನು ಏಳು ವರ್ಷದವನಿದ್ದಾಗಲೂ ಅದೇ ಮಾತು, ಮೀಸೆ ಬಂದ ಮೇಲೂ ಅದೇ ಮಾತು. ಮದುವೆಯಾಗಿ ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗಲೂ ಅದೇ ಮಾತು. ನನಗಿದ್ದ ಆಸೆ ಒಂದೇ. ಜೀವಮಾನದಲ್ಲಿ ಒಂದು ಸಲ ಆ ಬೈಕಿನ ಮೇಲೆ ಕೂತು ನಾನು ಆ ಗೇಟು ದಾಟಬೇಕು, ಹಿಂದಿನಿಂದ ಬೇರೆ ಯಾರಾದರೂ ಗೇಟು ಹಾಕಬೇಕು. ನಗಬೇಡಿ, ಐವತ್ತರ ಹತ್ತಿರ ಬಂದವನಿಗೂ ಇಂಥ ಆಸೆ ಇರುತ್ತದೆ. (ಆಫೀಸಿಗೆ ನಾನು ಹೋಗಿಬರುವುದು ಬಸ್ಸಿನಲ್ಲಿ. ಆ ವಿಷಯ ಸದ್ಯಕ್ಕೆ ಪಕ್ಕಕ್ಕಿರಲಿ.)

ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿಯುತ್ತಾಳೆ. ಒಂದು ಭಾನುವಾರ ಬೆಳಿಗ್ಗೆ ನಾನು ಪೇಪರು ಓದುತ್ತಿದ್ದಾಗ ಅವಳ ದನಿ ಕೇಳಿಸಿತು.

"ರೀ, ಗುಜರಿಯವರು ಬಂದಿದ್ದಾರೆ. ಮೆಟ್ಟಿಲ ಕೆಳಗಿನ ಭೂತಾನ ತೋರಿಸ್ತಿದ್ದೀನಿ. ಎರಡನೇ ಮಿಷನ್ ಇಡೋಕೆ ನಂಗೆ ಜಾಗ ಬೇಕು."

ನಾನು ಓಡಿದೆ. ಗುಜರಿಯವನು ಆಗಲೇ ಟಾರ್ಪಾಲು ಸರಿಸಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಬೆರಳಿಂದ ತಟ್ಟುತ್ತಿದ್ದ. ತಟ್ಟಿದಲ್ಲೆಲ್ಲ ತುಕ್ಕು ಹಪ್ಪಳದಂತೆ ಎದ್ದು ಬೀಳುತ್ತಿತ್ತು.

"ಅದು ಅಪ್ಪಂದು ಕಣೇ!" ಎಂದೆ.

"ಬೈಕು ಮಾವನವರದ್ದೇ, ಇಲ್ಲ ಅಂದೋರ್ಯಾರು? ತುಕ್ಕು ಮಾತ್ರ ನಿಮ್ದು. ಹದಿನಾಲ್ಕು ವರ್ಷ ನೀವೇ ತಾನೆ ಸಾಕಿದ್ದು?"

"ನಾನೇ ರಿಪೇರಿ ಮಾಡ್ತೀನಿ."

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗುಜರಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ಗೌರವದಿಂದ, "ಮಾಡಿ ಸಾರ್, ಮಾಡಿ. ನಾನು ಭಾನುವಾರ ಭಾನುವಾರ ಈ ಕಡೆ ಬರ್ತಾನೇ ಇರ್ತೀನಿ" ಎಂದ.

"ಎಂಟು ಭಾನುವಾರ ಕೊಡ್ತೀನಿ," ಎಂದಳು ಹೆಂಡತಿ. "ಒಂಬತ್ತನೇ ಭಾನುವಾರ ಅದು ತಾನಾಗಿ ಗೇಟು ದಾಟಬೇಕು. ಇಲ್ದಿದ್ರೆ ಇವರ ಗಾಡೀಲಿ ದಾಟುತ್ತೆ."

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಟಾರ್ಪಾಲನ್ನು ಮಡಿಚಿ ಒಳಗೆ ತೆಗೆದುಕೊಂಡು ಹೋದಳು.

ಮೊದಲ ವಾರ ನಾನು ಹೆಲ್ಮೆಟ್ ಕೊಂಡುತಂದೆ. (ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನೀವು ಹೇಳುವ ಅಗತ್ಯವಿಲ್ಲ, ಹೆಂಡತಿ ಆಗಲೇ ಹೇಳಿದ್ದಾಳೆ.) ಎರಡನೇ ವಾರ ಬೈಕನ್ನು ಮುಂದಿನ ಕೋಣೆಗೆ ತಳ್ಳಿ ಬಿಚ್ಚತೊಡಗಿದೆ. ಮೆಕ್ಯಾನಿಕ್ಕುಗಳು ಎಡವುವುದೇ ಇಲ್ಲಿ ಎಂಬುದು ನನ್ನ ಸಿದ್ಧಾಂತವಾಗಿತ್ತು. ಅವರು ಬಿಚ್ಚಿದ್ದನ್ನೆಲ್ಲ ಒಂದು ತಟ್ಟೆಗೆ ಸುರಿಯುತ್ತಾರೆ, ದಾಖಲೆ ಇಡುವುದಿಲ್ಲ. ನಾನು ಒಂದೊಂದು ಭಾಗ ಬಿಚ್ಚಿದಾಗಲೂ ಅದಕ್ಕೊಂದು ಚೀಟಿ ಅಂಟಿಸಿ ನಂಬರು ಹಾಕಿದೆ, ರಿಜಿಸ್ಟರಿನಲ್ಲಿ ಬರೆದೆ. ಬಿಚ್ಚಿದ ಕ್ರಮವನ್ನು ತಿರುಗಾಮುರುಗಾ ಮಾಡಿದರೆ ಜೋಡಿಸುವ ಕ್ರಮ. ಇಷ್ಟು ಸರಳ ಸತ್ಯ ಲೋಕಕ್ಕೆ ಯಾಕೆ ಹೊಳೆದಿಲ್ಲವೋ ಎಂದು ಆಶ್ಚರ್ಯವಾಯಿತು. ಒಟ್ಟು ಇನ್ನೂರ ಹದಿನಾಲ್ಕು ಚೀಟಿ. ಅದರಲ್ಲಿ ನೂರ ಅರವತ್ತರ ಮೇಲೆ "ಹೆಸರು ತಿಳಿಯದ ಭಾಗ" ಎಂದಿತ್ತು, ಆದರೆ ನಂಬರು ಮಾತ್ರ ಪಕ್ಕಾ.

ಎರಡನೇ ದಿನವೇ ಅಮ್ಮ ಒಂದು ಮಣೆ ತಂದುಕೊಂಡು ನನ್ನ ಪಕ್ಕದಲ್ಲಿ ಕೂತಳು. ಅಪ್ಪ ಎಂಜಿನ್ ಬಿಚ್ಚುವಾಗಲೂ ಹಾಗೆಯೇ ಕೂರುತ್ತಿದ್ದಳು.

"ಅದನ್ನ ಈಗ್ಲೇ ಬಿಚ್ಚಬೇಡ್ವೋ. ಮೊದ್ಲು ಆ ಕಡೆ ಮುಚ್ಚಳ ತೆಗೀಬೇಕು."

"ಅಮ್ಮಾ, ಇದು ತಾಂತ್ರಿಕ ವಿಷಯ. ನಿಂಗೆ ಗೊತ್ತಾಗಲ್ಲ."

ಅಮ್ಮ ಮಣೆ ಎತ್ತಿಕೊಂಡು ಒಳಗೆ ಹೋದಳು. ಆಗ ನಾನು ಮನೆಗೆಲ್ಲ ಕೇಳಿಸುವಂತೆ ಒಂದು ಸುತ್ತೋಲೆ ಹೊರಡಿಸಿದೆ: "ಎಲ್ಲರೂ ಕೇಳಿ. ಏನು ಹಾಳಾದರೂ ಚಿಂತೆಯಿಲ್ಲ, ಚೀಟಿ ಮಾತ್ರ ಒಂದೂ ಕಳೆಯಕೂಡದು."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರು ಇಟ್ಟುಕೊಂಡರು.

ಮುಂದಿನ ನಾಲ್ಕು ವಾರ ಮನೆಯಲ್ಲಿ ನಡೆದದ್ದು ಸಂಸಾರ ಎನ್ನುವಂತಿರಲಿಲ್ಲ. ಸಕ್ಕರೆ ಡಬ್ಬಿಯಲ್ಲಿ ಕ್ಲಚ್ಚಿನ ಸ್ಪ್ರಿಂಗು, ಉಪ್ಪಿನ ಜಾಡಿಯಲ್ಲಿ ನಟ್ಟು ಬೋಲ್ಟು. ಉಪ್ಪು ಕಾಗದ ಹಿಡಿದು ಉಜ್ಜಿ ಉಜ್ಜಿ ನನ್ನ ಭುಜ ಇಳಿದುಹೋಯಿತು. ಆಫೀಸಿನಲ್ಲಿ ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು, ಬಸ್ಸಿನಲ್ಲಿ ಎರಡು ಸ್ಟಾಪು ಮುಂದೆ ಹೋಗಿ ನಡೆದು ಬರುತ್ತಿದ್ದೆ.

"ರೀ, ಈ ಬಿಳಿ ಶರ್ಟಿನ ಬೆನ್ನ ಮೇಲೆ ಇದೇನು?"

"ಯಾವುದು?"

"ಐದು ಬೆರಳೂ ಮೂಡಿದೆ, ಕೈರೇಖೆ ಸಮೇತ! ಮೂರನೇ ಕ್ಲಾಸಿನ ಮಗು ಇದನ್ನ ಹಾಕ್ಕೊಂಡು ಹೋದ್ರೆ, ಯಾರಪ್ಪಾ ನಿಂಗೆ ಹೊಡೆದದ್ದು ಅಂತ ಮೇಷ್ಟ್ರು ಕೇಳ್ತಾರೆ. ಇನ್ನೊಂದು, ನನ್ನ ಮಿಷನ್ನಿನ ಬಾಬಿನ್ ಕೇಸ್, ಅದೇ ದಾರದುಂಡೆ ಕೂರಿಸೋ ಡಬ್ಬಿ, ಕಾಣಿಸ್ತಿಲ್ಲ. ನೋಡಿದ್ರಾ?"

"ನಿನ್ನ ಸಾಮಾನು ನಾನ್ಯಾಕೆ ಮುಟ್ಟಲಿ? ನೋಡು, ನನ್ನದು ಒಂದಾದರೂ ಕಳೆದಿದೆಯಾ? ಪದ್ಧತಿ ಅಂತ ಒಂದು ಇರಬೇಕು."

ಅವಳು ಎದ್ದು ಹೋಗಿ ನೆರೆಮನೆಯಿಂದ ಬಾಬಿನ್ ಕೇಸ್ ಎರವಲು ತಂದಳು.

ಆರನೇ ವಾರದ ಬುಧವಾರ. ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಕಣ್ಣು ಕೋರೈಸಿತು. ಅಂಗಳದಲ್ಲಿ ದೊಡ್ಡ ತಗಡಿನ ಟಬ್ಬು, ಅದರ ತುಂಬ ಬೆಳ್ಳಿಯಂತೆ ಫಳಫಳ ಹೊಳೆಯುವ ಸಾಮಾನು. ಪಕ್ಕದಲ್ಲಿ ಅಮ್ಮ, ಕೈಯಲ್ಲಿ ತೆಂಗಿನ ನಾರು, ಮುಖದಲ್ಲಿ ತೃಪ್ತಿ.

"ನೀನು ತಿಂಗಳಿಂದ ಉಜ್ಜಿ ಉಜ್ಜಿ ಸಾಯ್ತಿದ್ದೆ, ನೋಡೋಕಾಗ್ಲಿಲ್ಲ ಕಣೋ. ಬಿಸಿನೀರಲ್ಲಿ ನೆನೆಹಾಕಿ ಪಾತ್ರೆ ಪುಡಿ ಹಾಕಿ ಬೆಳಗಿದೆ. ಒಂದೇ ದಿನದಲ್ಲಿ ಮುಗೀತು."

ನಾನು ಟಬ್ಬಿನೊಳಗೆ ಇಣುಕಿದೆ. "ಅಮ್ಮಾ... ಚೀಟಿ?"

"ಅಯ್ಯೋ, ಅದನ್ನ ಬಿಡ್ತೀನಾ?" ಎಂದು ಅಮ್ಮ ಒಳಗೆ ಹೋಗಿ ಒಂದು ಕಟ್ಟು ತಂದು ನನ್ನ ಕೈಯಲ್ಲಿಟ್ಟಳು. ಎಲ್ಲ ಚೀಟಿಗಳನ್ನೂ ಸಾಮಾನಿನಿಂದ ಜೋಪಾನವಾಗಿ ಬಿಡಿಸಿ, ಬಿಸಿಲಿಗೆ ಒಣಗಿಸಿ, ಒಂದರಿಂದ ಇನ್ನೂರ ಹದಿನಾಲ್ಕರವರೆಗೆ ಜೋಡಿಸಿ, ಆಫೀಸಿನಲ್ಲಿ ನಾನು ಕಟ್ಟುವ ಹಾಗೆಯೇ ದಾರ ಪೋಣಿಸಿ ಕಟ್ಟಿದ್ದಳು. "ಎಣಿಸ್ಕೋ. ಒಂದೂ ಕಳೆದಿಲ್ಲ. ನೀನೇ ತಾನೆ ಹೇಳಿದ್ದು?"

ಬೈಯಲು ಬಾಯಿ ತೆರೆದೆ. ಏನೆಂದು ಬೈಯಲಿ? ನನ್ನ ಸುತ್ತೋಲೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಅಕ್ಷರಶಃ ಪಾಲಿಸಿದ ಮೊದಲ ವ್ಯಕ್ತಿ ನನ್ನ ತಾಯಿ. ಹೆಂಡತಿ ಮಿಷನ್ನಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದಳು. ಅವಳ ಭುಜ ಕುಲುಕುತ್ತಿತ್ತು. ಅಳು ಇರಲಾರದು ಎಂದು ನನಗೆ ಖಾತ್ರಿಯಾಗಿ ಗೊತ್ತಿತ್ತು.

ಏಳನೇ ಭಾನುವಾರವೆಲ್ಲ ಒಂದು ಕೈಯಲ್ಲಿ ಚೀಟಿಯ ಕಟ್ಟು, ಇನ್ನೊಂದು ಕೈಯಲ್ಲಿ ಒಂದು ನಟ್ಟು ಹಿಡಿದು ಟಬ್ಬಿನ ಮುಂದೆ ಕೂತೆ. ನೂರ ಅರವತ್ತು ಹೆಸರು ತಿಳಿಯದ ಭಾಗಗಳು, ಎಲ್ಲವೂ ಒಂದೇ ತರಹ ಹೊಳೆಯುತ್ತಿದ್ದವು. ಗುಜರಿಯವನು ಗೇಟಿನ ಆಚೆಯಿಂದ ಇಣುಕಿ, "ಬಿಡಿಬಿಡಿ ಮಾಡಿ ತೊಳೆದೂ ಇಟ್ಟಿದ್ದೀರಲ್ಲ ಸಾರ್, ನಮಗೆ ತುಂಬಾ ಅನುಕೂಲ ಆಯ್ತು" ಎಂದ. ನನಗೆ ನಿಜವಾಗಿಯೂ ಅಳು ಬಂತು. ಅಪ್ಪನ ಬೈಕನ್ನು ತುಕ್ಕು ಸಹ ಇಷ್ಟು ಹಾಳು ಮಾಡಿರಲಿಲ್ಲ, ನಾನು ಮಾಡಿದ್ದೆ. ಇನ್ನೆರಡು ವಾರಕ್ಕೆ ಅದು ಮೂಟೆಯಲ್ಲಿ ಹೋಗುತ್ತದೆ, ಆಗಲೂ ಗೇಟು ತೆಗೆಯುವವನು ನಾನೇ.

ಎಂಟನೇ ಭಾನುವಾರ ಬೆಳಿಗ್ಗೆ ಅಮ್ಮ ಮತ್ತೆ ಮಣೆ ತಂದುಕೊಂಡು ಬಂದು ಟಬ್ಬಿನ ಪಕ್ಕ ಕೂತಳು.

"ಕೈ ಚಾಚು," ಎಂದಳು.

"ಯಾಕಮ್ಮಾ?"

"ನಿಮ್ಮಪ್ಪ ಕೈ ಚಾಚ್ತಿದ್ರು. ಬಾಯಿಬಿಟ್ಟು ಒಂದಿನಾನೂ ಏನೂ ಕೇಳ್ತಿರ್ಲಿಲ್ಲ. ಯಾವುದಾದ್ಮೇಲೆ ಯಾವುದು ಅಂತ ನಂಗೆ ಹೆಸರು ಗೊತ್ತಿಲ್ಲಪ್ಪ, ಕೈಗೆ ಗೊತ್ತು. ಮೂವತ್ತು ವರ್ಷ ಕೊಟ್ಟಿದ್ದೀನಿ."

ಟಬ್ಬಿಗೆ ಕೈ ಹಾಕಿ ನೋಡದೆಯೇ ಒಂದನ್ನು ತೆಗೆದಳು. "ಇದು ಮೊದ್ಲು. ಆಮೇಲೆ ಈ ಮೂರು ಬಳೆ. ಸೀಳಿರೋ ಕಡೆ ಒಂದರ ಮೇಲೆ ಒಂದು ಬರಬಾರ್ದು." ಬಳೆ ಎಂದರೆ ಪಿಸ್ಟನ್ನಿನ ರಿಂಗುಗಳು. ನಾನು ಅವನ್ನು ಕೂರಿಸಲು ಹೋಗಿ ಮೂರು ಸಲ ಬೀಳಿಸಿದೆ. ನಾಲ್ಕನೇ ಸಲ ಹೆಂಡತಿ ಹೊಲಿಯುವುದನ್ನು ನಿಲ್ಲಿಸಿ ಎದ್ದು ಬಂದಳು.

"ಸರೀರಿ ಆಚೆ. ಅತ್ತೆ, ನಂಗೆ ಕೊಡಿ."

ಸೂಜಿಗೆ ದಾರ ಪೋಣಿಸುವ ಬೆರಳು, ಒಂದೇ ಏಟಿಗೆ ರಿಂಗು ಕೂತಿತು. ಅಲ್ಲಿಂದ ಮುಂದೆ ಅಮ್ಮ ಕೊಡುವುದು, ಅವಳು ಕೂರಿಸುವುದು. ನನಗೆ ಬಿಗಿಮಾಡುವ ಇಲಾಖೆ ಸಿಕ್ಕಿತು. ಅದೂ ಮಧ್ಯಾಹ್ನ ಒಂದು ಬೋಲ್ಟಿನ ಕತ್ತು ಮುರಿಯುವವರೆಗೆ. ಆಮೇಲೆ ಒರೆಸುವ ಬಟ್ಟೆ ಹಿಡಿದುಕೊಂಡು ನಿಂತೆ.

ಸಂಜೆಯ ಹೊತ್ತಿಗೆ ಟಬ್ಬಿನಲ್ಲಿ ಒಂದೇ ಒಂದು ಸಾಮಾನು ಉಳಿಯಿತು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾವುದೋ ಕಾಣೆ. ನಿಮ್ಮಪ್ಪಂಗೆ ಇದನ್ನ ಕೊಟ್ಟ ನೆನಪೇ ಇಲ್ಲ" ಎಂದಳು. ನಾನು ಚೀಟಿಯ ಕಟ್ಟು ಬಿಚ್ಚಿ ಗಂಭೀರವಾಗಿ ಪರಿಶೀಲಿಸಿದೆ. "ನೂರ ಮೂವತ್ತೇಳು ಇರಬಹುದು. ಹೆಸರು ತಿಳಿಯದ ಭಾಗ, ಸಣ್ಣದು, ದುಂಡಗಿದೆ."

"ಹೆಸರು ನಾನು ಹೇಳ್ತೀನಿ," ಎಂದು ಹೆಂಡತಿ ನನ್ನ ಕೈಯಿಂದ ಅದನ್ನು ಕಿತ್ತುಕೊಂಡಳು. "ಬಾಬಿನ್ ಕೇಸ್."

ಪದ್ಧತಿಯ ವಿಷಯ ಆ ದಿನ ಮತ್ತೆ ಯಾರೂ ಎತ್ತಲಿಲ್ಲ, ನಾನಂತೂ ಎತ್ತಲಿಲ್ಲ.

ಒಂಬತ್ತನೇ ಭಾನುವಾರ ಗುಜರಿಯವನು ಖಾಲಿ ಗಾಡಿ ತಂದು ಗೇಟಿನ ಹತ್ತಿರ ನಿಲ್ಲಿಸಿಕೊಂಡಿದ್ದ. ನಾನು ಹೆಲ್ಮೆಟ್ ಹಾಕಿಕೊಂಡು ಕಿಕ್ ಹೊಡೆದೆ. ಹನ್ನೊಂದು ಸಲ ಹೊಡೆದರೂ ಕೆಮ್ಮಿತೇ ಹೊರತು ಏಳಲಿಲ್ಲ. ನನ್ನ ಮೊಣಕಾಲು ಬೇಡಿಕೊಂಡಿತು. ಹನ್ನೆರಡನೆಯ ಸಲಕ್ಕೆ ಹೊಗೆ ಬಂತು, ಆಮೇಲೆ ಸದ್ದು ಬಂತು. ಅದೇ ಸದ್ದು! ಹದಿನಾಲ್ಕು ವರ್ಷದ ಮೇಲೆ ಅಪ್ಪ ಕೆಮ್ಮಿಕೊಂಡು ಅಂಗಳಕ್ಕೆ ಬಂದ ಹಾಗಾಯಿತು. ಅಮ್ಮ ಆಗಲೇ ಹೊರಗೆ ಹೋಗುವಾಗಿನ ಚಪ್ಪಲಿ ಮೆಟ್ಟಿ, ತಲೆ ಬಾಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಹೆಲ್ಮೆಟ್ಟಿನೊಳಗೆ ಯಾರಿಗೂ ಕಾಣಲಿಲ್ಲ.

ಗೇಟು ಹಾರುಹೊಡೆದಿತ್ತು. ನಾನು ಸೀಟಿನ ಮೇಲೆ ಕೂತೆ, ಗೇರು ಹಾಕಿದೆ, ಕ್ಲಚ್ ಬಿಟ್ಟೆ. ಬೈಕು ಕಪ್ಪೆಯ ಹಾಗೆ ಒಂದು ನೆಗೆತ ನೆಗೆದು ಸತ್ತಿತು. ಮತ್ತೆ ಕಿಕ್, ಮತ್ತೆ ನೆಗೆತ. ಮೂರನೇ ಸಲ ಬಟ್ಟೆ ನೆನೆಹಾಕಿದ ಬಕೆಟ್ಟಿಗೆ ಗುದ್ದಿ ನಿಂತಿತು.

"ರೀ," ಎಂದಳು ಹೆಂಡತಿ ನಿಧಾನವಾಗಿ, "ನಿಮಗೆ ಓಡಿಸೋಕೆ ಬರುತ್ತೆ ತಾನೆ?"

"ಪುಸ್ತಕದಲ್ಲಿ ಪೂರ್ತಿ ಓದಿದ್ದೀನಿ. ಇಲ್ಲಿ ಅಂಗಳ ಸಮ ಇಲ್ಲ, ಅದಕ್ಕೇ..."

"ಹೂಂ. ಕುಣಿಯಲಾರದವಳಿಗೆ ನೆಲ ಡೊಂಕು. ಇಳೀರಿ."

ನನ್ನ ತಲೆಯಿಂದ ಹೆಲ್ಮೆಟ್ ತೆಗೆದು ತಾನು ಹಾಕಿಕೊಂಡಳು. ನಾನು ಇಳಿದೆ. "ನಿಂಗೆ ಯಾವಾಗ ಬಂತು?"

"ಮದುವೆಗೆ ಮುಂಚೆ. ಅಣ್ಣನ ಬೈಕಲ್ಲಿ ನಾನೇ ಕಾಲೇಜಿಗೆ ಹೋಗ್ತಿದ್ದೆ, ಅವನು ಹಿಂದೆ ಕೂತ್ಕೊಳ್ತಿದ್ದ."

"ಹದಿನೆಂಟು ವರ್ಷದಿಂದ ಒಂದು ಮಾತು ಹೇಳಲಿಲ್ಲ!"

"ನೀವು ಕೇಳಿದ್ರಾ? ಹೋದ ವರ್ಷ ಲೈಸೆನ್ಸ್ ಹೊಸದು ಮಾಡಿಸ್ಕೊಂಡು ಬಂದು ನಿಮ್ಮ ಕೈಗೇ ಕೊಟ್ಟೆ. ಓದಿ ಕೂಡ ನೋಡದೆ ನಂಬರು ಹಾಕಿ ಫೈಲಿಗೆ ಸೇರಿಸಿದ್ರಿ."

ನಿಜ. ಮನೆ ಕಡತ ಮೂವತ್ತೊಂದು, "ಇತರೆ".

ಒಂದೇ ಕಿಕ್‌ಗೆ ಬೈಕು ಎದ್ದಿತು. ಅಮ್ಮ ಮೆಟ್ಟಿಲಿಳಿದು ಬಂದು, ಒಂದು ಕ್ಷಣವೂ ಯೋಚಿಸದೆ, ಹಿಂದೆ ಒಂದು ಪಕ್ಕಕ್ಕೆ ಕೂತು ಸೊಸೆಯ ಹೆಗಲ ಮೇಲೆ ಕೈಯಿಟ್ಟಳು. ಮೂರನೆಯವರಿಗೆ ಜಾಗವಿದೆಯೇ ಎಂದು ನಾನು ಸ್ವಲ್ಪ ಹತ್ತಿರ ಹೋಗಿ ನೋಡಿದೆ. ಇರಲಿಲ್ಲ. ಬೈಕು ನೆಗೆಯದೆ, ಕೆಮ್ಮದೆ, ನನ್ನ ಪಕ್ಕದಿಂದಲೇ ಹಾದು ಗೇಟು ದಾಟಿತು. ಬೀದಿಯಲ್ಲಿ ಹತ್ತು ಮಾರು ಹೋದ ಮೇಲೆ ಅಮ್ಮನ ದನಿ ಕೇಳಿಸಿತು. ಅವಳು ತಿರುಗಿಯೂ ನೋಡಲಿಲ್ಲ.

"ಗೇಟ್ ಹಾಕ್ಕೊಳ್ಳೋ!"

ಗುಜರಿಯವನು ಖಾಲಿ ಗಾಡಿಯ ಹಿಡಿಕೆ ಹಿಡಿದು ಇದನ್ನೆಲ್ಲ ನೋಡುತ್ತಿದ್ದ. ನನ್ನನ್ನು ಮತ್ತೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ಮನೇಲಿ ಬೇರೆ ಏನೂ ಹಳೇದು ಇಲ್ವಾ ಸಾರ್?" ಎಂದು ಕೇಳಿದ.

ನಾನು ಗೇಟು ಹಾಕಿದೆ. ಸೊಂಟ ನೋಯುತ್ತಿತ್ತು, ಒಳಗೆ ಹೋಗಿ ಮಲಗೋಣ ಎನಿಸಿತು. ಆದರೆ ಹೋಗಲಿಲ್ಲ, ಅಲ್ಲೇ ಚಿಲಕ ಹಿಡಿದು ನಿಂತೆ. ಅವರು ವಾಪಸು ಬಂದಾಗ ತೆಗೆಯುವವರು ಯಾರು?