ಇರುವೆಗಳು ಬಿಸ್ಕತ್ತು ತಿನ್ನದಿರುವ ಬಗ್ಗೆ

ಸಂಖ್ಯೆ: ವಿ.ಸ್ಪ/ಇರುವೆ/4
ದಿನಾಂಕ: ಮುದ್ರೆ ಸಿಕ್ಕ ನಂತರ ಹಾಕಲಾಗುವುದು

ವಿಷಯ: ಮಾಧ್ಯಮಿಕ ಶಾಲಾ ವಿಜ್ಞಾನ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳು ಸ್ವತಃ ಪ್ರಯೋಗ ಮಾಡುತ್ತಿರುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: 1. ಕಳೆದ ವರ್ಷದ ಸುತ್ತೋಲೆ (ಹುಡುಕಲಾಗುತ್ತಿದೆ).
2. ಅಣೆಕಟ್ಟಿನ ಮಾದರಿ ತಯಾರಿಸಿದ ತಂದೆಯವರ ದೂರು ("ಭಾನುವಾರವೆಲ್ಲ ಕೂತು ನಾನು ಮಾಡಿದ್ದು ಸಾರ್, ಪಾಪ ನನ್ನ ಮಗನ ಶ್ರಮ ನೀರುಪಾಲಾಯ್ತು").

ಈ ಸಾಲಿನ ಸ್ಪರ್ಧೆಯಲ್ಲಿ ದರ್ಜಿಯವರ ಮಗಳಾದ ಏಳನೇ ತರಗತಿಯ ವಿದ್ಯಾರ್ಥಿನಿಯು, ಇರುವೆಗಳಿಗೆ ಸಕ್ಕರೆ ಇಷ್ಟವೋ ಬಿಸ್ಕತ್ತು ಇಷ್ಟವೋ ಎಂಬ ಪ್ರಯೋಗವನ್ನು ಹಿರಿಯರ ನೆರವಿಲ್ಲದೆ ಕೈಗೊಂಡಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಸದರಿ ಇರುವೆಗಳು ಎರಡನ್ನೂ ಮೂಸಿಯೂ ನೋಡದೆ, ಪ್ರಥಮ ಬಹುಮಾನಕ್ಕೆ ಮುಂಚಿತವಾಗಿಯೇ ಆಯ್ಕೆಯಾಗಿದ್ದ ಪಕ್ಕದ ಮೇಜಿನ ಅಣೆಕಟ್ಟಿಗೆ ತೆರಳಿ ಅದರ ಮೈದಾ ಅಂಟನ್ನು ತಿಂದಿರುತ್ತವೆ. ತತ್ಪರಿಣಾಮ ಅಣೆಕಟ್ಟು ಒಡೆದು ತೀರ್ಪುಗಾರರ ಕಾಲುಚೀಲಗಳು ಒದ್ದೆಯಾಗಿರುತ್ತವೆ. ಫಲಿತಾಂಶವೇನೆಂದು ಕೇಳಲಾಗಿ ವಿದ್ಯಾರ್ಥಿನಿಯು, "ಯಾಕೆ ಹಾಗೆ ಮಾಡಿದ್ವೋ ಗೊತ್ತಾಗ್ಲಿಲ್ಲ ಸಾರ್. ಇನ್ನೊಂದ್ಸಲ ನೋಡ್ಬೇಕು" ಎಂದಿರುತ್ತಾಳೆ.

ನಮೂನೆಯಲ್ಲಿ "ಗೊತ್ತಾಗಲಿಲ್ಲ" ಎಂಬ ಕಾಲಂ ಇಲ್ಲದ ಕಾರಣ ಆಕೆಯನ್ನು ಸ್ಪರ್ಧೆಯಿಂದ ಕೈಬಿಟ್ಟು, ಇರುವೆಗಳ ಡಬ್ಬಿಯನ್ನು ಜಪ್ತಿ ಮಾಡಿ ಉಪನಿರ್ದೇಶಕರ ಬೀರುವಿನಲ್ಲಿ ಇಡಲಾಗಿದೆ. ಡಬ್ಬಿ ಒಪ್ಪಿಸುವಾಗ ಆಕೆ ಅತ್ತಿದ್ದನ್ನು ಕಡತದಲ್ಲಿ ದಾಖಲಿಸಿರುವುದಿಲ್ಲ. ಆದರೆ ಅತ್ತಿರುತ್ತಾಳೆ.

ಆದ್ದರಿಂದ ಕೆಳಕಂಡಂತೆ ಸೂಚಿಸಲಾಗಿದೆ:

1. ಮಾದರಿಗಳನ್ನು ಎಂದಿನಂತೆ ತಂದೆಯವರೇ ತಯಾರಿಸತಕ್ಕದ್ದು. ಅವರಿಗೆ ಬಿಡುವಿಲ್ಲದಿದ್ದಲ್ಲಿ ಸೋದರಮಾವನವರನ್ನು ಪರಿಗಣಿಸಬಹುದು. ಮಗುವು ಪಕ್ಕದಲ್ಲಿ ನಿಂತು, ಏನನ್ನೂ ಮುಟ್ಟದೆ, ಬಾಯಿಪಾಠ ಒಪ್ಪಿಸತಕ್ಕದ್ದು.

2. ಫಲಿತಾಂಶವನ್ನು ಪ್ರಯೋಗಕ್ಕೆ ಮೊದಲೇ ಸಲ್ಲಿಸಿ ಅನುಮೋದನೆ ಪಡೆಯತಕ್ಕದ್ದು.

3. ಅನುಮೋದಿತ ಫಲಿತಾಂಶವನ್ನು ಇರುವೆಗಳಿಗೆ ಓದಿ ಹೇಳಿರುವುದಾಗಿ ಮುಖ್ಯೋಪಾಧ್ಯಾಯರು ದೃಢೀಕರಿಸತಕ್ಕದ್ದು. ಕೆಂಪು ಇರುವೆಗಳಿಗೆ ಸ್ವಲ್ಪ ದೂರದಿಂದ ಓದಬಹುದು.

4. ವಿದ್ಯಾರ್ಥಿಯ ಮನಸ್ಸಿನಲ್ಲಿ "ಯಾಕೆ" ಎಂಬ ಪ್ರಶ್ನೆ ಎದ್ದಲ್ಲಿ, ಅದನ್ನು ಮೂರು ಪ್ರತಿಗಳಲ್ಲಿ ತರಗತಿ ಶಿಕ್ಷಕರ ಮೂಲಕ ಸಲ್ಲಿಸತಕ್ಕದ್ದು. ಉತ್ತರವನ್ನು ವಿದ್ಯಾರ್ಥಿಯ ಮದುವೆಯೊಳಗೆ ಕಳುಹಿಸಲು ಪ್ರಯತ್ನಿಸಲಾಗುವುದು.

5. ಅಣೆಕಟ್ಟುಗಳಲ್ಲಿ ಇನ್ನು ಮುಂದೆ ನೀರು ಇರತಕ್ಕದ್ದಲ್ಲ.

6. ಬೀರುವಿನಲ್ಲಿರುವ ಇರುವೆಗಳು ಅನುಮತಿಯಿಲ್ಲದೆ ಹೊರಬರುವುದನ್ನು ನಿಷೇಧಿಸಲಾಗಿದೆ. ಅವು ಉಪನಿರ್ದೇಶಕರ ಬಿಸ್ಕತ್ತನ್ನು ಮುಟ್ಟದೆ ಸುತ್ತಿಕೊಂಡು ಹೋಗಿ, ಕಡತಗಳ ಅಂಟಿನ ಕಡೆಗೇ ಸಾಲುಗಟ್ಟುತ್ತಿವೆ. ಬೇರೆ ಬಿಸ್ಕತ್ತು ಇಟ್ಟು ನೋಡಲಾಗಿದೆ. ಸಕ್ಕರೆ ಇಟ್ಟು ನೋಡಲಾಗಿದೆ. ಬಿಸ್ಕತ್ತಿಗೆ ಸಕ್ಕರೆ ಸವರಿಯೂ ನೋಡಲಾಗಿದೆ. ಈ ಸಲುವಾಗಿ ಉಪನಿರ್ದೇಶಕರು ಊಟ ಬಿಟ್ಟು, ಸಭೆ ಬಿಟ್ಟು, ನೆಲದ ಮೇಲೆ ಬೋರಲು ಮಲಗಿದ್ದನ್ನು ಸಿಬ್ಬಂದಿ ಹೊರಗೆ ಆಡಿಕೊಳ್ಳತಕ್ಕದ್ದಲ್ಲ.

ಮೇಲಿನವುಗಳನ್ನು ಮನುಷ್ಯರೂ ಇರುವೆಗಳೂ ಚಾಚೂ ತಪ್ಪದೆ ಪಾಲಿಸತಕ್ಕದ್ದು.

ಸಹಿ/-
ಉಪನಿರ್ದೇಶಕರು
(ವಿಜ್ಞಾನ ಸ್ಪರ್ಧೆಗಳು ಹಾಗೂ ಕಲಿಕಾ ಚಟುವಟಿಕೆಗಳು)

ಪ್ರತಿಗಳು:
ಎಲ್ಲ ಮುಖ್ಯೋಪಾಧ್ಯಾಯರಿಗೆ: ಪಾಲನೆಗಾಗಿ.
ಅಣೆಕಟ್ಟಿನ ತಂದೆಯವರಿಗೆ: ಸಮಾಧಾನಕ್ಕಾಗಿ.
ತೀರ್ಪುಗಾರರಿಗೆ: ಕಾಲುಚೀಲಗಳು ಒಣಗಿದ ವರದಿ ಸಲ್ಲಿಸಲು.
ಇರುವೆಗಳಿಗೆ: ಬೀರುವಿನ ಬಾಗಿಲಿಗೆ ಮೈದಾ ಅಂಟಿನಿಂದ ಅಂಟಿಸಲಾಗಿತ್ತು. ಈಗ ಬಿದ್ದಿದೆ.
ದರ್ಜಿಯವರ ಮಗಳಿಗೆ: ಮೇಲಿನ ಯಾವ ಕಲಮೂ ನಿನಗೆ ಅನ್ವಯಿಸುವುದಿಲ್ಲ. ಡಬ್ಬಿ ಭದ್ರವಾಗಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಅಪ್ಪನನ್ನು ಕರೆದುಕೊಂಡು ಕಚೇರಿಗೆ ಬರುವುದು. ಭೂತಗನ್ನಡಿ ಇದ್ದರೆ ತರುವುದು. ಇಲ್ಲಿಯೂ ಯಾಕೆ ಅಂತ ಗೊತ್ತಾಗಲಿಲ್ಲಮ್ಮ. ಇನ್ನೊಂದು ಸಲ ನೋಡಬೇಕು.